ಮಾವನ ನಾಲಿಗೆಗೆ ಸಿಗದ ನೀರು

ನನ್ನ ಸೋದರಮಾವನ ಬಳಿ ಒಂದು ಸ್ಟೀಲ್ ಲೋಟ ಇದೆ. ಅಂಚು ನೆಗ್ಗಿದೆ, ತಳ ಓರೆಯಾಗಿದೆ, ಮೇಜಿನ ಮೇಲಿಟ್ಟರೆ ಕುಂಟುತ್ತದೆ. ಅತ್ತೆ ಅದನ್ನು ಗುಜರಿಗೆ ಹಾಕಲು ಮೂರು ಸಲ ನೋಡಿ ಮೂರು ಸಲವೂ ಬೈಸಿಕೊಂಡಿದ್ದಾರೆ. ಮೂವತ್ತು ವರ್ಷ ನಮ್ಮ ಬಡಾವಣೆಯಲ್ಲಿ ಯಾವ ಬೋರ್‌ವೆಲ್ಲಿನ ನೀರು ಕುಡಿಯಲು ಲಾಯಕ್ಕು, ಯಾವುದು ನೆಲ ಒರೆಸಲು ಮಾತ್ರ ಎಂದು ತೀರ್ಮಾನವಾಗುತ್ತಿದ್ದದ್ದು ಆ ಲೋಟದಿಂದಲೇ.

ಮಾವ ಬೋರ್‌ವೆಲ್ ಮೇಸ್ತ್ರಿ. ಲಾರಿ ಬಂದು ಕೊರೆದು ಹೋಗುವವರೆಗೂ ನಿಂತು ನೋಡಿಕೊಳ್ಳುವುದು, ಮಣ್ಣು ಕುಸಿಯದಂತೆ ಕೇಸಿಂಗ್ ಪೈಪು ಇಳಿಸುವುದು, ಮೋಟರು ಬಿಡುವುದು, ಕೆಟ್ಟರೆ ಎತ್ತುವುದು, ಎಲ್ಲ ಅವರದೇ. ಹೊಸ ಬೋರಿನಲ್ಲಿ ಕೆಸರು ಹೋಗಿ ತಿಳಿ ನೀರು ಬರುವವರೆಗೆ ಅವರು ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಆಮೇಲೆ ಲೋಟ ತುಂಬಿಸಿ, ಮೊದಲ ಗುಟುಕನ್ನು ಬಾಯಲ್ಲಿ ಆಡಿಸಿ ಉಗಿದು, ಎರಡನೆಯದನ್ನು ನುಂಗಿ, ಕಣ್ಣು ಮುಚ್ಚುತ್ತಿದ್ದರು. ಮನೆಯವರೆಲ್ಲ ಉಸಿರು ಬಿಗಿಹಿಡಿದು ಸುತ್ತ ನಿಂತಿರುತ್ತಿದ್ದರು. ಅವರಿಗಿಂತ ಮುಂಚೆ ಆ ನೀರನ್ನು ಯಾರೂ ಬಾಯಿಗೆ ಹಾಕುವಂತಿಲ್ಲ. ಇದು ಮಾವ ತಾವೇ ಮಾಡಿಕೊಂಡ ಕಾನೂನು. ಮುರಿದವರನ್ನು ನಾನು ಕಂಡಿಲ್ಲ.

"ಸ್ವಲ್ಪ ಕಬ್ಬಿಣ ಇದೆ. ಬಿಳಿ ಬಟ್ಟೆ ಒಗೀಬೇಡಿ," ಎನ್ನುತ್ತಿದ್ದರು. ಇಲ್ಲವೇ, ಗಡಸು ನೀರು, ಸೋಪು ಎಷ್ಟು ತಿಕ್ಕಿದರೂ ನೊರೆ ಬರುವುದಿಲ್ಲ, ಹೆಂಗಸರು ಶಾಪ ಹಾಕುತ್ತಾರೆ ಎನ್ನುತ್ತಿದ್ದರು. ಜನ ಅವರಿಗೆ ನಾಲಿಗೆ ಮೇಸ್ತ್ರಿ ಎಂದು ಹೆಸರಿಟ್ಟಿದ್ದರು. ಬೆನ್ನ ಹಿಂದೆ ಅಲ್ಲ, ಎದುರಿಗೇ ಕರೆಯುತ್ತಿದ್ದರು. ಮಾವನಿಗೆ ಅದು ಬಿರುದು.

ನಾನು ಓದು ಮುಗಿಸಿ ನೀರು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದಾಗ ಅವರು ಒಂದು ವಾರ ನಕ್ಕರು. ನಾನು ಎರಡು ದಿನ ತೆಗೆದುಕೊಂಡು ಹೇಳುವುದನ್ನು ತಾವು ಎರಡು ಗುಟುಕಿನಲ್ಲಿ ಹೇಳುತ್ತೇನೆ ಎಂಬುದು ಅವರ ವಾದ. ನಾನೂ ಬಿಡಲಿಲ್ಲ. ಬೇಕಂತಲೇ ಐದಾರು ಕಡೆಯ ನೀರು ತಂದು ಅವರನ್ನೇ ಪರೀಕ್ಷೆಗೆ ಕೂರಿಸಿದೆ. ಕಬ್ಬಿಣ, ಉಪ್ಪು, ಗಡಸುತನ, ಮೂರರಲ್ಲೂ ಅವರು ಹೇಳಿದ್ದು ನನ್ನ ಯಂತ್ರ ಹೇಳಿದ್ದರ ಹತ್ತಿರವೇ ಇತ್ತು. ನನಗೆ ಹೊಟ್ಟೆಯೂ ಉರಿಯಿತು, ಹೆಮ್ಮೆಯೂ ಆಯಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಓದಿ ಯಾರಾದರೂ ಈ ಮನುಷ್ಯ ಬರೀ ಬಾಯಿಬಡುಕ ಎಂದುಕೊಂಡರೆ ನನಗೆ ಸಿಟ್ಟು ಬರುತ್ತದೆ.

ನಾನು ಚಿಕ್ಕವಳಿದ್ದಾಗ ಮಾವನ ಬೀದಿಯೇ ಊರಿನ ಕೊನೆಯ ಬೀದಿ. ಅದರಾಚೆ ಹುಲ್ಲು, ಒಂದು ಪಾಳುಬಿದ್ದ ಇಟ್ಟಿಗೆ ಗೂಡು, ಅಷ್ಟೇ. ನೋಡನೋಡುತ್ತಿದ್ದಂತೆ ಅಲ್ಲಿ ಹದಿನಾಲ್ಕು ಬೀದಿ ಎದ್ದವು. ಮನೆ ಬಂತು, ಮನೆಯ ಮೇಲೆ ಮಹಡಿ ಬಂತು, ಬೇಕರಿ ಬಂತು, ಜಿಮ್ಮು ಬಂತು. ಒಳಚರಂಡಿ ಮಾತ್ರ ಬರಲಿಲ್ಲ. ಎಲ್ಲರೂ ನೆಲದಿಂದ ನೀರು ಎತ್ತುವವರೇ, ಬಳಸಿದ್ದನ್ನು ನೆಲಕ್ಕೇ ಬಿಡುವವರೇ. ಇನ್ನೂರು ಅಡಿಯ ಬೋರುಗಳು ಒಂದೊಂದಾಗಿ ಒಣಗಿದವು. ಜನ ಐನೂರಕ್ಕೆ ಹೋದರು, ಆಮೇಲೆ ಏಳುನೂರಕ್ಕೆ. ನೀರು ಕೆಳಗೆ ಹೋದಂತೆಲ್ಲ ಶೌಚದ ಗುಂಡಿಗಳು ಮೇಲಕ್ಕೆ ಬಂದವು. ವರ್ಷಕ್ಕೆರಡು ಸಲ ಅವು ತುಂಬಿ, ಹೀರುವ ಲಾರಿ ಬರುವವರೆಗೆ ಇಡೀ ಬೀದಿ ಮೂಗು ಮುಚ್ಚಿಕೊಂಡು ಓಡಾಡಬೇಕಿತ್ತು.

ಆಗ ಮಾವನಿಗೆ ಒಂದು ಉಪಾಯ ಹೊಳೆಯಿತು. ಒಣಗಿದ ಬೋರು ಹೇಗೂ ಸುಮ್ಮನೆ ಬಿದ್ದಿದೆ. ಶೌಚದ ಗುಂಡಿಯಿಂದ ಒಂದು ಪೈಪು ಎಳೆದು ಅದಕ್ಕೇ ಜೋಡಿಸಿದರೆ ಆಯಿತಲ್ಲ? ಇನ್ನೂರು ಅಡಿಯ ಗುಂಡಿ ಮೊದಲೇ ತೋಡಿಟ್ಟ ಹಾಗಾಯಿತು, ಯಾರ ಮೊಮ್ಮಕ್ಕಳ ಕಾಲಕ್ಕೂ ತುಂಬುವುದಿಲ್ಲ ಎಂದರು. ಮೊದಲು ತಮ್ಮ ಹಿತ್ತಲಿನಲ್ಲೇ ಮಾಡಿ ತೋರಿಸಿದರು. ಆಮೇಲೆ ಕೇಳಿದವರ ಮನೆಯಲ್ಲೆಲ್ಲ ಮಾಡಿಕೊಟ್ಟರು. ನಾರುವುದು ನಿಂತಿತು. ಎಲ್ಲರೂ ಕೊಂಡಾಡಿದರು. ನಾನೂ ಕೊಂಡಾಡಿದೆ. ಆಗ ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದುತ್ತಿದ್ದೆ, ಪುಸ್ತಕದಲ್ಲಿ ನೈಟ್ರೇಟಿನ ಪಾಠವೂ ಇತ್ತು. ಪಾಠ ಬೇರೆ, ಮಾವನ ಹಿತ್ತಲು ಬೇರೆ ಎಂದು ಯಾಕೆ ಅಂದುಕೊಂಡೆನೋ ಗೊತ್ತಿಲ್ಲ.

ಹಿತ್ತಲಿನ ಆ ಹಳೆಯ ಬೋರಿನ ತೂತಿನ ಮೇಲೆ ಮಾವ ಆಮೇಲೆ ಒಂದು ಕೋಣೆ ಕಟ್ಟಿಸಿ ಬಾಡಿಗೆಗೆ ಕೊಟ್ಟರು. ಮನೆಯ ಮುಂದುಗಡೆ ಏಳುನೂರು ಅಡಿಯ ಹೊಸ ಬೋರು ಹಾಕಿಸಿದರು. ಆ ನೀರು ಕುಡಿದು ಕಣ್ಣು ಮುಚ್ಚಿದವರು ಎಷ್ಟೋ ಹೊತ್ತು ತೆರೆಯಲೇ ಇಲ್ಲವಂತೆ. ತಮ್ಮ ಸರ್ವಿಸ್ಸಿನಲ್ಲೇ ಇಷ್ಟು ಸಿಹಿ ನೀರು ಕಂಡಿಲ್ಲ ಎಂದು ಬೀದಿಗೆಲ್ಲ ಸಾರಿಕೊಂಡು ಬಂದರು.

ಬಾಡಿಗೆ ಕೋಣೆಗೆ ಬಂದವಳು ಒಬ್ಬ ಟೈಲರ್. ಗಂಡ ದೂರದೂರಕ್ಕೆ ಲಾರಿ ಓಡಿಸುವವನು, ಮನೆಗೆ ಬರುವುದು ಹದಿನೈದು ದಿನಕ್ಕೊಮ್ಮೆ. ಬೀದಿಯವರು ಅವಳನ್ನು ಟೈಲರಮ್ಮ ಎನ್ನುತ್ತಿದ್ದರು. ವಯಸ್ಸು ಇಪ್ಪತ್ತಾರು, ಬಾಯಿ ಐವತ್ತರದು. ಮಾವನನ್ನು ಅಣ್ಣ ಎಂದು ಕರೆದು, ಅವರ ಅಂಗಿಯ ಕಾಲರು ತಿರುಗಿಸಿ ಹೊಲಿದುಕೊಟ್ಟು, ಅವರ ಲೋಟವನ್ನು ಅಣಕಿಸುವಷ್ಟು ಸಲಿಗೆ ಬೆಳೆಸಿಕೊಂಡಿದ್ದಳು. ಮಾವ ಅತ್ತೆಗೆ ಮಕ್ಕಳಿಲ್ಲ. ಅವಳಿಗೆ ಹೆಣ್ಣುಮಗು ಹುಟ್ಟಿದಾಗ ಈ ಮನೆಯಲ್ಲಿ ಮೂರು ಜನ ಅಜ್ಜ ಅಜ್ಜಿಯರಿದ್ದಷ್ಟು ಗಲಾಟೆಯಾಯಿತು. ಎದೆಹಾಲು ಸಾಲದೆ ಪುಡಿಹಾಲು ಶುರುಮಾಡಿದಾಗ ನೀರು ಕಾಯಿಸುವ ಕೆಲಸವನ್ನು ಅತ್ತೆ ತಮ್ಮ ಮೇಲೆ ಹಾಕಿಕೊಂಡರು. ಎಳೆಮಗು, ಚೆನ್ನಾಗಿ ಕುದಿಯಲಿ ಎಂದು ಅರ್ಧ ಗಂಟೆ ಕುದಿಸುತ್ತಿದ್ದರು.

ಮಗುವಿಗೆ ಎರಡೂವರೆ ತಿಂಗಳಾದಾಗ ಒಂದು ಬೆಳಿಗ್ಗೆ ತುಟಿ, ಉಗುರು ಎಲ್ಲ ನೀಲಿಗಟ್ಟಿತು. ಅಳುವುದಕ್ಕೂ ತ್ರಾಣವಿಲ್ಲ. ಟೈಲರಮ್ಮ ಅದನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದಳು. ಡಾಕ್ಟರು ರಕ್ತ ನೋಡಿದರು, ಮದ್ದು ಕೊಟ್ಟರು, ಸಂಜೆಯೊಳಗೆ ಮಗುವಿನ ಬಣ್ಣ ತಿರುಗಿತು. ಆಮೇಲೆ, ಹಾಲು ಯಾವ ನೀರಿನಲ್ಲಿ ಕಲಸುತ್ತೀರಿ ಎಂದು ಕೇಳಿ, ಆ ನೀರು ತರಿಸಿ, ಬಾಟಲಿಯನ್ನು ಪರೀಕ್ಷೆಗೆ ಕಳಿಸಿದರು.

ಬಾಟಲಿ ಬಂದದ್ದು ನನ್ನ ಮೇಜಿಗೆ. ಚೀಟಿಯ ಮೇಲೆ ಮಾವನ ಮನೆಯ ವಿಳಾಸ.

ನೈಟ್ರೇಟ್ ಲೀಟರಿಗೆ ನೂರಮೂವತ್ತೆರಡು ಮಿಲಿಗ್ರಾಂ ಬಂತು. ಇರಬೇಕಾದ ಮಿತಿ ನಲವತ್ತೈದು. ಯಂತ್ರ ತಪ್ಪಿರಬಹುದೆಂದು ಇನ್ನೊಮ್ಮೆ ಮಾಡಿದೆ, ಮತ್ತೆ ಅಷ್ಟೇ ಬಂತು. ದೊಡ್ಡವರು ಇದನ್ನು ಹೇಗೋ ತಡೆದುಕೊಳ್ಳುತ್ತಾರೆ. ಆರು ತಿಂಗಳೊಳಗಿನ ಮಗುವಿನ ರಕ್ತ ಮಾತ್ರ ಇದರಿಂದ ಪ್ರಾಣವಾಯು ಹೊರುವುದನ್ನೇ ಮರೆತುಬಿಡುತ್ತದೆ. ಇನ್ನು ಕುದಿಸಿದರೆ ನೀರು ಆವಿಯಾಗಿ ಹೋಗುತ್ತದೆ, ನೈಟ್ರೇಟ್ ಉಳಿದು ಮತ್ತಷ್ಟು ಗಟ್ಟಿಯಾಗುತ್ತದೆ. ಅತ್ತೆಯ ಅರ್ಧ ಗಂಟೆ ನೆನಪಾಯಿತು.

ಸ್ಕೂಟರು ಹತ್ತಿ ಹೋದಾಗ ಮಗು ಮರುದಿನ ಮನೆಗೆ ಬರುತ್ತದೆಂದು ಅತ್ತೆ ಆಗಲೇ ನೀರು ಕುದಿಯಲಿಟ್ಟಿದ್ದರು. ನಾನು ಒಳಗೆ ಹೋದವಳೇ ಸ್ಟೌ ಆರಿಸಿದೆ. ವಿಷಯ ಕೇಳಿ ಅತ್ತೆ ನೆಲದ ಮೇಲೆ ಕುಳಿತುಬಿಟ್ಟರು. ಮಾವ ಕೂರಲಿಲ್ಲ. ರಿಪೋರ್ಟನ್ನು ತಲೆಕೆಳಗಾಗಿ ಹಿಡಿದು ನೋಡಿ, ವಾಪಸ್ಸು ಕೊಟ್ಟು, ನಲ್ಲಿಯಿಂದ ಲೋಟ ತುಂಬಿಸಿ ಗಟಗಟ ಕುಡಿದರು. ಸಕ್ಕರೆಯಂಥ ನೀರು, ನಿನ್ನ ಯಂತ್ರಕ್ಕೆ ಜ್ವರ ಬಂದಿರಬೇಕು ಎಂದರು. ಬೇರೆ ಯಾವನಾದರೂ ಕೋಟು ಹಾಕಿಕೊಂಡು ಬಂದು ಹೇಳಿದ್ದರೆ ಕೇಳುತ್ತಿದ್ದರೇನೋ. ತಂಗಿಯ ಮಗಳು ಹೇಳಿದರೆ ಹಿತ್ತಲ ಗಿಡ ಮದ್ದಲ್ಲ.

ಹೀಗಾಗುತ್ತದೆಂದು ನನಗೆ ಗೊತ್ತಿತ್ತು. ಅದಕ್ಕೇ ಲ್ಯಾಬಿನಿಂದ ಒಂದು ಕ್ಯಾನು ಶುದ್ಧ ನೀರನ್ನೂ, ಒಂದು ಪುಟ್ಟ ಸೀಸೆಯಲ್ಲಿ ನೈಟ್ರೇಟ್ ಲವಣ ಕರಗಿಸಿದ ದ್ರಾವಣವನ್ನೂ ತಂದಿದ್ದೆ. ಒಂದೇ ಕ್ಯಾನಿನ ನೀರನ್ನು ಮಾವನ ನೆಗ್ಗಿದ ಲೋಟಕ್ಕೂ ಇನ್ನೊಂದು ಲೋಟಕ್ಕೂ ಸುರಿದೆ. ಮಾವನನ್ನು ಗೋಡೆಯ ಕಡೆ ತಿರುಗಿಸಿ ನಿಲ್ಲಿಸಿ ಒಂದಕ್ಕೆ ದ್ರಾವಣ ಹಾಕಿದೆ. ಮಿತಿಯ ಎರಡರಷ್ಟಾಗುವ ಹಾಗೆ ಅಳೆದೇ ಹಾಕಿದೆ. ದೊಡ್ಡವರಿಗೆ ಒಂದೆರಡು ಗುಟುಕಿನಿಂದ ಏನೂ ಆಗುವುದಿಲ್ಲ. ಯಾವ ಲೋಟಕ್ಕೆ ಎಂದು ಅತ್ತೆ ಕಣ್ಣಲ್ಲೇ ತೋರಿಸಿದ್ದರು.

ಮಾವ ಒಂದರಿಂದ ಗುಟುಕು, ಇನ್ನೊಂದರಿಂದ ಗುಟುಕು ತೆಗೆದುಕೊಂಡು, ಕಣ್ಣು ಮುಚ್ಚಿ, ಎರಡೂ ಒಂದೇ ನೀರು ಎಂದರು. ಇನ್ನೊಮ್ಮೆ ಬೇರೆ ನೀರು ತೆಗೆದುಕೊಂಡು ಮಾಡಿದೆ. ಎರಡೂ ಒಂದೇ ಎಂದರು, ಈ ಸಲ ದನಿ ಸ್ವಲ್ಪ ಇಳಿದಿತ್ತು. ಮೂರನೇ ಸಲ ತುಂಬ ಹೊತ್ತು ನಿಂತರು. ಮೂವತ್ತು ವರ್ಷ ಉಪ್ಪಿನ ಒಂದು ಹರಳನ್ನೂ ಬಿಡದ ನಾಲಿಗೆ ಹುಡುಕುತ್ತಿತ್ತು. ನನಗೇ ನೋಡಲಾಗಲಿಲ್ಲ. ಬೇಗ ಸೋಲಲಿ ಎಂದೂ ಅನಿಸಿತು, ಗೆದ್ದುಬಿಡಲಿ ಎಂದೂ ಅನಿಸಿತು.

"ಯಾವುದರಲ್ಲಿದೆ?" ಎಂದು ಕೊನೆಗೆ ಕೇಳಿದರು.

"ನಿಮ್ಮ ಬಲಗೈಲಿ ಇರೋದ್ರಲ್ಲಿ, ಮಾವ."

ಅವರು ಲೋಟವನ್ನು ಮೇಜಿನ ಮೇಲಿಟ್ಟರು. ಅದು ಸ್ವಲ್ಪ ಹೊತ್ತು ಕುಂಟಿ ನಿಂತಿತು. ಇದು ಎಲ್ಲಿಂದ ಬರುತ್ತದೆ ಎಂದು ಕೇಳಿದರು. ಶೌಚದ ಗುಂಡಿಗಳಿಂದ ಎಂದೆ. ಮೇಲಿನ ಮಣ್ಣು ಎಷ್ಟೋ ಕೊಳೆಯನ್ನು ಸೋಸುತ್ತದೆ, ಆದರೂ ಇದು ಇಳಿದೇ ಇಳಿಯುತ್ತದೆ, ಇನ್ನು ಮಣ್ಣನ್ನೇ ದಾಟಿಸಿ ನೇರವಾಗಿ ಬಂಡೆಯ ಬಿರುಕಿಗೆ ಬಿಟ್ಟರೆ ಅಂತೂ ಎಂದು ಹೇಳುತ್ತಿದ್ದವಳು ಅಲ್ಲಿಗೇ ನಿಲ್ಲಿಸಿದೆ. ನೆನಪಾಗಬಾರದ್ದು ಆಗ ನೆನಪಾಯಿತು. ನಾನು ನಿಲ್ಲಿಸಿದ್ದರಿಂದಲೇ ಮಾವನಿಗೂ ಅರ್ಥವಾಯಿತು. ಅವರು ಬೆರಳು ಮಡಚುತ್ತ ಎಣಿಸತೊಡಗಿದರು. ಬೇಕರಿಯವರದು. ಜಿಮ್ಮಿನ ಕೆಳಗಿನದು. ಮೂಲೆಮನೆಯ ಮೆಟ್ಟಿಲಿನಡಿಯದು. ನಮ್ಮದು. ಒಟ್ಟು ಹನ್ನೊಂದು.

ಬಡಾವಣೆಯಲ್ಲಿ ನಾನೂರು ಗುಂಡಿಗಳಿವೆ ಮಾವ, ಎಲ್ಲವೂ ಸೋರುತ್ತವೆ, ಇದು ಬರೀ ನಿಮ್ಮಿಂದ ಆದದ್ದಲ್ಲ ಎಂದೆ. ಅದು ಸುಳ್ಳಲ್ಲ, ಲ್ಯಾಬಿನಲ್ಲಿ ಯಾರನ್ನು ಕೇಳಿದರೂ ಹಾಗೇ ಹೇಳುತ್ತಾರೆ. ಆಮೇಲೆ ಒಂದು ಹೇಳಬಾರದ ಮಾತನ್ನೂ ಹೇಳಿದೆ. ಆ ಹನ್ನೊಂದು ತೂತು ಎಲ್ಲೆಲ್ಲಿವೆ ಎಂದು ಗೊತ್ತಿರುವುದು ನಿಮಗೊಬ್ಬರಿಗೇ. ಅರ್ಧ ಮನೆಗಳು ಕೈಬದಲಾಗಿವೆ, ಉಳಿದವರು ಮರೆತೇಬಿಟ್ಟಿದ್ದಾರೆ. ಏನೋ ರಿಪೇರಿ ಎಂದು ಹೇಳಿ ಒಂದೊಂದಾಗಿ ಸದ್ದಿಲ್ಲದೆ ಮುಚ್ಚಿಬಿಡೋಣ, ಮೂವತ್ತು ವರ್ಷದ ಹೆಸರು ಯಾಕೆ ಮಣ್ಣುಪಾಲಾಗಬೇಕು ಎಂದೆ.

ಮಾವ ನನ್ನನ್ನು ಜೀವಮಾನದಲ್ಲಿ ಎರಡು ಸಲ ಬೈದಿದ್ದಾರೆ. ಒಂದು, ಚಿಕ್ಕವಳಿದ್ದಾಗ ತೆರೆದ ಬೋರಿನೊಳಗೆ ಕಲ್ಲು ಹಾಕಿದ್ದಕ್ಕೆ. ಇನ್ನೊಂದು, ಅವತ್ತು.

"ನಾನೂರರ ಲೆಕ್ಕ ನೀನು ಬರಿ. ಹನ್ನೊಂದು ನಂದು," ಎಂದರು. "ಗೊತ್ತಿಲ್ದೆ ಮಾಡಿದ್ದು ತಪ್ಪು. ಗೊತ್ತಾದ ಮೇಲೆ ಬಾಯಿ ಮುಚ್ಚಿಕೊಂಡ್ರೆ ಅದಕ್ಕೆ ಬೇರೆ ಹೆಸರಿದೆ."

ಮರುದಿನ ಮಗು ಬಂತು, ಅದರ ಹಾಲಿಗೆ ಕ್ಯಾನಿನ ನೀರೂ ಬಂತು. ಮಾವ ಹೊಸ ಬೋರು ಹಾಕುವ ದಿನ ತೊಡುವ ಇಸ್ತ್ರಿ ಅಂಗಿ ತೊಟ್ಟು ಟೈಲರಮ್ಮನ ಕೋಣೆಗೆ ಹೋದರು. ನನ್ನನ್ನೂ ಕರೆದರು, ರಿಪೋರ್ಟು ಓದಲು ಆಳು ಬೇಕಂತೆ. ಕೋಣೆ ಹನ್ನೆರಡಡಿಗೆ ಹತ್ತಡಿ. ಕಿಟಕಿಯ ಕೆಳಗೆ ಹೊಲಿಗೆ ಯಂತ್ರ, ಗೋಡೆಗೆ ಅರೆಬರೆ ಹೊಲಿದ ಶಾಲೆಯ ಸಮವಸ್ತ್ರಗಳು, ಮಂಚದ ಮೇಲೆ ಮಗು. ಅದರ ಉಗುರುಗಳು ಗುಲಾಬಿ ಬಣ್ಣಕ್ಕಿದ್ದವು. ಮಾವ ಮೊದಲು ನೋಡಿದ್ದು ಅದನ್ನೇ.

ಅವರು ಪೀಠಿಕೆ ಹಾಕಲಿಲ್ಲ. ನೀರಿನಲ್ಲಿ ವಿಷವಿತ್ತು, ಅದನ್ನು ನೆಲಕ್ಕೆ ಇಳಿಸುವ ದಾರಿ ಮಾಡಿದವನು ನಾನು, ಆಮೇಲೆ ಅದೇ ನೀರನ್ನು ಕುಡಿದು ಒಳ್ಳೆಯದು ಎಂದವನೂ ನಾನೇ ಎಂದರು. ಒಂದೇ ಒಂದು ನೆಪವನ್ನೂ ಸೇರಿಸಲಿಲ್ಲ. ಟೈಲರಮ್ಮ ಕೈಯಲ್ಲಿದ್ದ ಬಟ್ಟೆಯನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು.

"ಡಾಕ್ಟ್ರು ಯಾವ ನೀರು ಅಂತ ಕೇಳಿದಾಗ ನಿಮ್ಮ ಹೆಸರು ಹೇಳ್ದೆ ಅಣ್ಣ," ಎಂದಳು. "ನಮ್ಮ ಅಣ್ಣ ಕುಡಿದು ನೋಡಿರೋ ನೀರು, ಅದರಲ್ಲಿ ಏನೂ ಇರಲ್ಲ ಅಂತ ಹೆಮ್ಮೆಯಿಂದ ಹೇಳ್ದೆ."

ಮಾವ ತಲೆ ತಗ್ಗಿಸಿ ನಿಂತರು. ಅವರ ಕಣ್ಣಲ್ಲಿ ನೀರು ಬಂದದ್ದನ್ನು ನಾನು ಆವರೆಗೆ ನೋಡಿರಲಿಲ್ಲ. ಅವಳು ಸಮಾಧಾನ ಹೇಳಲಿಲ್ಲ, ಬೈಯಲೂ ಇಲ್ಲ. ಎಲ್ಲಿದೆ ತೋರಿಸಿ ಎಂದಳು. ಮಾವ ಬಾಗಿಲಿನಿಂದ ನಾಲ್ಕು ಹೆಜ್ಜೆ ಅಳೆದು, ಹೊಲಿಗೆ ಯಂತ್ರದ ಮುಂದೆ ನಿಂತು, ಹಿಮ್ಮಡಿಯಿಂದ ನೆಲ ತಟ್ಟಿದರು. ಅವಳು ಎದ್ದು, ಯಂತ್ರವನ್ನು ತಾನೇ ಎಳೆದು ಪಕ್ಕಕ್ಕಿಟ್ಟು, ಮಗುವನ್ನು ಎತ್ತಿಕೊಂಡು ಅತ್ತೆಯ ಮನೆಯೊಳಗೆ ಹೋದಳು.

ಅವತ್ತೇ ನೆಲ ಒಡೆದರು. ಗಾರೆಯ ಕೆಳಗೆ ಒಂದು ಚಪ್ಪಡಿ, ಚಪ್ಪಡಿಯ ಕೆಳಗೆ ಹಳೆಯ ಕೇಸಿಂಗ್ ಪೈಪಿನ ಬಾಯಿ, ಮಾವ ಹೇಳಿದ ಜಾಗದಲ್ಲೇ. ಶೌಚದ ಪೈಪನ್ನು ಅಲ್ಲಿಂದ ಕತ್ತರಿಸಿ, ಹೊರಗೆ ತಳಕ್ಕೂ ಗಾರೆ ಹಾಕಿದ ಎರಡು ಕೋಣೆಯ ತೊಟ್ಟಿ ಕಟ್ಟಿ, ಅದಕ್ಕೆ ತಿರುಗಿಸಿದರು. ಇನ್ನು ಹೀರುವ ಲಾರಿಯ ವಾಸನೆ ಸಹಿಸಿಕೊಳ್ಳಬೇಕು, ಬೇರೆ ದಾರಿಯಿಲ್ಲ. ತೂತನ್ನು ಮುಚ್ಚುವುದಕ್ಕೂ ಒಂದು ಕ್ರಮವಿದೆ. ಮೇಲಿನಿಂದ ಸಿಮೆಂಟು ಸುರಿದರೆ ಅದು ನಡುವೆ ಎಲ್ಲೋ ಸಿಕ್ಕಿಕೊಂಡು ಕೆಳಗೆ ಪೊಳ್ಳು ಉಳಿಯುತ್ತದೆ. ಮಾವ ತಳದವರೆಗೂ ಸಣ್ಣ ಪೈಪು ಇಳಿಸಿ, ಜೇಡಿಮಣ್ಣು ಬೆರೆಸಿದ ಸಿಮೆಂಟಿನ ಗಂಜಿಯನ್ನು ಕೆಳಗಿನಿಂದ ಮೇಲಕ್ಕೆ ತುಂಬಿಸುತ್ತ ಪೈಪನ್ನು ಇಷ್ಟಿಷ್ಟೇ ಎತ್ತಿದರು. ಎರಡು ದಿನ ಹಿಡಿಯಿತು. ಆ ಎರಡು ದಿನವೂ ಟೈಲರಮ್ಮ ಅತ್ತೆಯ ವರಾಂಡದಲ್ಲಿ ಹೊಲಿಗೆ ಹಾಕುತ್ತಿದ್ದಳು. ಕೆಲಸಕ್ಕೆ ಬೇಕಾದ ಮಾತು ಬಿಟ್ಟು ಮಾವನ ಜೊತೆ ಬೇರೆ ಮಾತಿಲ್ಲ. ಅಣಕವೂ ಇಲ್ಲ.

ಉಳಿದ ಹತ್ತು ಮನೆಗಳಿಗೂ ಮಾವ ಅದೇ ಅಂಗಿಯಲ್ಲಿ ಹೋದರು. ನಾಲಿಗೆ ಮೇಸ್ತ್ರಿಯ ನಾಲಿಗೆ ಈಗ ಎರಡಾಯಿತೇ ಎಂದು ಬೇಕರಿಯವನು ಕೇಳಿದ. ಮೊದಲೂ ಒಂದೇ, ಈಗಲೂ ಒಂದೇ, ಆದರೆ ಅದಕ್ಕೆ ಗೊತ್ತಿಲ್ಲದ್ದೂ ಇದೆ ಎಂದು ಈಗ ಗೊತ್ತಾಗಿದೆ ಎಂದರು ಮಾವ. ಕೆಲವರು ಬೈದರು. ಇಬ್ಬರು ಇನ್ನು ಮುಂದೆ ನಿನ್ನ ಕೈಯಲ್ಲಿ ಮೋಟರು ಎತ್ತಿಸುವುದಿಲ್ಲ ಎಂದರು, ಹಾಗೇ ನಡೆದುಕೊಂಡರು ಕೂಡ. ಮೂಲೆಮನೆಯ ನಿವೃತ್ತ ಬ್ಯಾಂಕಿನವರಂತೂ ಜಪ್ಪಯ್ಯ ಎಂದರೂ ಮೆಟ್ಟಿಲು ಒಡೆಯಲು ಬಿಡಲಿಲ್ಲ. ನಾವು ಕುಡಿಯುವುದು ಕ್ಯಾನಿನ ನೀರು, ನೆಲದಡಿ ಏನಾದರೆ ನಮಗೇನು ಎಂಬುದು ಅವರ ಮಾತು. ಮಾವ ಮೂರು ಬೆಳಿಗ್ಗೆ ಅದೇ ಮೆಟ್ಟಿಲ ಮೇಲೆ ಹೋಗಿ ಕುಳಿತರು. ಹೋಗಿಬರುವವರೆಲ್ಲ ಯಾಕೆ ಮೇಸ್ತ್ರಿ ಇಲ್ಲಿ ಕೂತಿದ್ದೀರಿ ಎಂದು ಕೇಳುವುದು, ನನ್ನ ಒಂದು ತಪ್ಪು ಇದರ ಕೆಳಗಿದೆ, ತೆಗೆಯೋಕೆ ಬಂದಿದ್ದೀನಿ ಎಂದು ಇವರು ಗಟ್ಟಿಯಾಗಿ ಹೇಳುವುದು. ನಾಲ್ಕನೇ ದಿನ ಬ್ಯಾಂಕಿನವರೇ ಹಾರೆ ತಂದುಕೊಟ್ಟರು.

ಎಂಟು ತಿಂಗಳಲ್ಲಿ ಹನ್ನೊಂದೂ ಮುಚ್ಚಿದವು. ಇಷ್ಟಕ್ಕೆ ನೀರು ತಿಳಿಯಾಗುವುದಿಲ್ಲ, ಇಳಿದದ್ದು ತೊಳೆದುಹೋಗಲು ಹತ್ತು ವರ್ಷವೂ ಬೇಕಾಗಬಹುದು, ಉಳಿದ ಗುಂಡಿಗಳಿಗೆ ಒಳಚರಂಡಿಯೇ ಬರಬೇಕು ಎಂದು ನಾನು ಮಾವನಿಗೆ ಮುಚ್ಚುಮರೆಯಿಲ್ಲದೆ ಹೇಳಿದ್ದೆ. ಹತ್ತು ವರ್ಷ ಎಂದರೆ ಮಗು ಐದನೇ ಕ್ಲಾಸು, ಅಷ್ಟೇ ತಾನೆ ಎಂದರು. ಈ ನಡುವೆ ಬೀದಿಯವರು ಸೇರಿ ದಿಬ್ಬದ ಮೇಲಿನ ಆಟದ ಮೈದಾನದ ಪಕ್ಕ, ಗುಂಡಿಗಳೆಲ್ಲ ಇಳಿಜಾರಿಗೆ ಉಳಿಯುವ ಕಡೆ, ಎಲ್ಲರಿಗೂ ಒಂದು ಬೋರು ಹಾಕಿಸುವುದೆಂದು ತೀರ್ಮಾನಿಸಿದರು. ಮೇಸ್ತ್ರಿ ಯಾರು ಎಂಬ ಮಾತು ಬಂದಾಗ ಮೊದಲು ಕೈಯೆತ್ತಿ ಮಾವನ ಹೆಸರು ಹೇಳಿದ್ದು ಆ ಬ್ಯಾಂಕಿನವರೇ. ತಪ್ಪು ಎಲ್ಲಿಟ್ಟಿದ್ದೇನೆ ಎಂದು ನೆನಪಿಟ್ಟುಕೊಂಡ ಇನ್ನೊಬ್ಬ ಕೆಲಸಗಾರನನ್ನು ತೋರಿಸಿ ಎಂದು ಕೇಳಿದರಂತೆ.

ತಿಳಿ ನೀರು ಬಂದ ದಿನ ಅರ್ಧ ಬಡಾವಣೆ ಅಲ್ಲಿತ್ತು. ಹಳೆಯ ಅಭ್ಯಾಸಕ್ಕೆ ಜನ ಹಿಂದೆ ಸರಿದು ಮಾವನಿಗೆ ಜಾಗ ಬಿಟ್ಟರು. ಯಾರೋ ನೆಗ್ಗಿದ ಲೋಟ ತುಂಬಿಸಿ ಅವರ ಕೈಗಿತ್ತರು. ಮಾವ ಅದನ್ನು ನೆಲಕ್ಕೆ ಸುರಿದರು. ಜೇಬಿನಿಂದ ನನ್ನ ಲ್ಯಾಬಿನ ಬಾಟಲಿ ತೆಗೆದು, ನಾನು ಹೇಳಿಕೊಟ್ಟ ಹಾಗೆ ಮೂರು ಸಲ ಅದೇ ನೀರಿನಲ್ಲಿ ತೊಳೆದು, ತುಂಬಿಸಿ, ಮುಚ್ಚಳ ಬಿಗಿದು, ಸೊಟ್ಟ ಅಕ್ಷರದಲ್ಲಿ ತಾರೀಖು ಬರೆದರು. ಕಾಗದ ಬರುವವರೆಗೆ ಯಾರೂ ಮುಟ್ಟಬಾರದು, ನಾನೂ ಮುಟ್ಟುವುದಿಲ್ಲ ಎಂದರು.

ಮೂರನೇ ದಿನ ನಾನು ಕಾಗದ ತಂದೆ. ನೈಟ್ರೇಟ್ ಹನ್ನೊಂದು. ಮಾವ ನನ್ನಿಂದ ಕಲಿತುಕೊಂಡ ಹಾಗೆ ಬೆರಳಿಟ್ಟುಕೊಂಡು ಸಾಲು ಸಾಲಾಗಿ ತಾವೇ ಓದಿದರು. ಆಮೇಲೆ ಲೋಟ ತುಂಬಿಸಿಕೊಂಡು ಎಲ್ಲರನ್ನೂ ದಾಟಿ ಟೈಲರಮ್ಮನ ಮುಂದೆ ಹೋಗಿ ನಿಂತರು. ಮಗು ಅವಳ ಸೊಂಟದ ಮೇಲೆ ಕುಳಿತು ಅವಳ ಸರ ಎಳೆಯುತ್ತಿತ್ತು.

"ಮೊದಲು ನೀನು," ಎಂದರು ಮಾವ.

ಮೂವತ್ತು ವರ್ಷದಲ್ಲಿ ಯಾರಿಗೂ ಕೊಡದ ಗುಟುಕು ಅದು. ಅವಳು ಲೋಟ ತೆಗೆದುಕೊಳ್ಳದೆ ನನ್ನ ಕಡೆ ತಿರುಗಿ, ಮಗುವಿಗೆ ಕೊಡಬಹುದಾ ಎಂದು ಕೇಳಿದಳು. ಕೊಡಬಹುದು ಎಂದೆ. ಕಾಗದ ಇಸಿದುಕೊಂಡು ಅದನ್ನೂ ಒಮ್ಮೆ ನೋಡಿದಳು. ಆಮೇಲೆ ಮಗುವನ್ನು ಅತ್ತೆಯ ಕೈಗೆ ಕೊಟ್ಟು, ಲೋಟ ಹಿಡಿದು, ಮೊದಲ ಗುಟುಕನ್ನು ಬಾಯಲ್ಲಿ ಆಡಿಸಿ ಉಗಿದಳು. ಎರಡನೆಯದನ್ನು ನುಂಗಿ ಕಣ್ಣು ಮುಚ್ಚಿದಳು. ಈ ಸಲ ಉಸಿರು ಬಿಗಿಹಿಡಿದು ನಿಂತವರು ಮಾವ.

"ಸ್ವಲ್ಪ ಕಬ್ಬಿಣ ಇದೆ ಅಣ್ಣ," ಎಂದಳು. "ಬಿಳಿ ಬಟ್ಟೆ ಒಗೀಬೇಡಿ."

ಎಂಟು ತಿಂಗಳ ಮೇಲೆ ಅವಳು ಅವರನ್ನು ಮತ್ತೆ ಅಣಕಿಸಿದ್ದಳು. ಮಾವ ನಗುತ್ತಲೇ ಅತ್ತರು, ಇಸ್ತ್ರಿ ಅಂಗಿಯ ತೋಳಿನಲ್ಲೇ ಮುಖ ಒರೆಸಿಕೊಂಡರು. ನಾನು ಕಾಗದ ನೋಡಿದೆ. ಕಬ್ಬಿಣ ನಿಜವಾಗಿಯೂ ಸ್ವಲ್ಪ ಇತ್ತು.